ಬ್ರೇಕಿನೊಳಗಿನ ಗಾಳಿ

"ಕಾಲು ಮೊದಲೇ ಎತ್ತುತ್ತೀಯ ನೀನು. ಅದಕ್ಕೇ ಗಾಳಿ ಹೋಗ್ತಿಲ್ಲ," ಎಂದು ಕ್ಲೆಮ್ ಕಾರಿನಡಿಯಿಂದ ಮೂರನೆಯ ಸಲ ಗೊಣಗಿದ.

ಸ್ಟೇರಿಂಗಿನ ಹಿಂದೆ ಕುಳಿತಿದ್ದ ಅವನ ಹೆಂಡತಿ ಥೆಲ್ಮಾ ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು. ಬೆಳಿಗ್ಗೆಯಿಂದ ನಾಲ್ಕೂ ಚಕ್ರದ ಬ್ರೇಕಿನಿಂದ ಗಾಳಿ ತೆಗೆಯುವುದು ಎರಡು ಸುತ್ತು ಮುಗಿದಿತ್ತು, ಪೆಡಲು ಇನ್ನೂ ಕಲಸಿದ ಹಿಟ್ಟಿನಷ್ಟು ಮೆತ್ತಗಿತ್ತು. ನಾಳೆ ಮಿಲ್ಡುರಾದಲ್ಲಿ ಮೊಮ್ಮಗಳ ದೀಕ್ಷಾಸ್ನಾನ. ಅವರ ಗಣಿಯೂರು ಬ್ರೋಕನ್ ಹಿಲ್‌ನಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರ್. ಈ ಬ್ರೇಕ್ ನಂಬಿ ಹೊರಡುವಂತಿರಲಿಲ್ಲ.

ಕೆಲಸ ದೊಡ್ಡದೇನಲ್ಲ, ಆದರೆ ಒಬ್ಬರಿಂದ ಆಗುವುದಲ್ಲ. ಅವಳು ಪೆಡಲನ್ನು ಮೂರು ಸಲ ತುಳಿದು, ಅದುಮಿ ಹಿಡಿದು, "ಹಿಡಿದಿದ್ದೀನಿ" ಎನ್ನಬೇಕು. ಆಗ ಅವನು ಚಕ್ರದ ಹಿಂದಿನ ತಿರುಪು ಸಡಿಲಿಸಿ, ಗುಳ್ಳೆಗಟ್ಟಿದ ಬ್ರೇಕ್ ಆಯಿಲನ್ನು ಜಾಮ್ ಬಾಟಲಿಗೆ ಹರಿಸಿ, ಮತ್ತೆ ಬಿಗಿದು, "ಬಿಡು" ಎನ್ನಬೇಕು. ಕಾಲು ಮೇಲೆ ಬರುವಾಗ ತಿರುಪು ತೆರೆದಿದ್ದರೆ ಗಾಳಿ ಮತ್ತೆ ಒಳಗೆ. ಈ ಸ್ಟೇಷನ್ ವ್ಯಾಗನ್ ಕಾರು ಕೊಂಡು ಇಪ್ಪತ್ತಾರು ವರ್ಷ. ಜಗಳವಾಡಿದ ದಿನವೂ ಗಂಡ ಹೆಂಡತಿ ಈ ಎರಡು ಮಾತು ತಪ್ಪಿಸಿರಲಿಲ್ಲ.

ಮತ್ತೆ ಶುರುವಾಯಿತು. ಎರಡನೆಯ ಸಲ ತುಳಿಯುತ್ತಿದ್ದಾಗಲೇ ಪೆಡಲು ಸರ್ರನೆ ನೆಲಕ್ಕಿಳಿಯಿತು. ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಅವನಾಗಲೇ ತಿರುಪು ಸಡಿಲಿಸಿದ್ದ.

ಅವನು ತಿರುಪು ಬಿಗಿದ ಮೇಲೆ ಥೆಲ್ಮಾ ಕಾಲನ್ನೇ ತೆಗೆದು ಪಕ್ಕಕ್ಕಿಟ್ಟಳು. ಎಂದಿನ ದನಿಯಲ್ಲೇ ಹೇಳಿದಳು: "ನಾನು ತುಳೀತಾನೇ ಇಲ್ಲ, ಕ್ಲೆಮ್."

"ಹಾಂ, ಹಾಗೇ ಹಿಡ್ಕೋ," ಎಂದ ಅವನು. ಸ್ಪ್ಯಾನರ್ ಕಿರುಗುಟ್ಟಿತು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷದಿಂದ ಈ ಮನುಷ್ಯ ತನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿಲ್ಲ ಎಂದು ಒಳಗೊಳಗೇ ಬೆಂದಿದ್ದಳು; ನೋಡಿದರೆ ಕಿವಿಯೇ ಹೋಗಿದೆ. ತುಟಿ ನೋಡಿಕೊಂಡು ದಿನ ತಳ್ಳಿದ್ದಾನೆ. ಮೂವತ್ತು ವರ್ಷ ಗಣಿಯಲ್ಲಿ ಬಂಡೆ ಕೊರೆದವನ ಕಿವಿ ಇನ್ನೇನಾಗುತ್ತದೆ? ಆಮೇಲೆ ಹೋದ ತಿಂಗಳ ಹೆದ್ದಾರಿ ನೆನಪಾಯಿತು. ಪಕ್ಕದಲ್ಲಿ ದಾಟುತ್ತಿದ್ದ ಭಾರಿ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು, ಇವನು ಕಾರನ್ನು ಅದರ ಕಡೆಗೇ ಎಳೆದಿದ್ದ. ಹಟ ಎಂದುಕೊಂಡಿದ್ದಳು. ಈಗ ಅವಳಿಗೆ ಹೆದರಿಕೆಯಾಯಿತು.

ಇಳಿದು ಹೋಗಿ, ತನ್ನ ಮುಖ ಅವನಿಗೆ ಕಾಣುವಂತೆ ಚಕ್ರದ ಬಳಿ ಕುಕ್ಕರಿಸಿದಳು. "ಹೊರಗೆ ಬಾ. ತಿರುಪು ನಾನು ಬಿಚ್ತೀನಿ, ನೀನು ತುಳಿ."

"ನಿಂಗೇನು ಗೊತ್ತು ಬಿಚ್ಚೋದು?"

"ಇಪ್ಪತ್ತಾರು ವರ್ಷ ನೀನು ಹೇಳಿದ್ದನ್ನ ಕೇಳಿಸ್ಕೊಂಡಿದ್ದೀನಿ. ನಿನ್ ಹಾಗಲ್ಲ."

ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. "ಮಗಳಿಗೆ ಹೇಳ್ಬೇಡ. ಕಾರಿನ ಕೀ ಕಿತ್ಕೋತಾಳೆ," ಎಂದ.

ಥೆಲ್ಮಾ ಅಂಗೈ ಚಾಚಿದಳು. ಅವನು ಸ್ಪ್ಯಾನರ್ ಇಟ್ಟ.

"ಕೀನೂ ಕೊಡು," ಎಂದಳು.

ಕ್ಲೆಮ್ ಎಣ್ಣೆಗೈಯನ್ನು ಚಡ್ಡಿಗೆ ಒರೆಸಿ, ಜೇಬಿನಿಂದ ಕೀ ತೆಗೆದು ಕೊಟ್ಟ. ಆಮೇಲೆ ಅವಳು ಕಾರಿನಡಿಯಿಂದ ಕೈ ಹೊರಚಾಚಿದಾಗಲೆಲ್ಲ ಅವನು ತೆರೆದ ಬಾಗಿಲಿನಿಂದ ಬಗ್ಗಿ ನೋಡಿ ತುಳಿದ. ಮಧ್ಯಾಹ್ನದ ಹೊತ್ತಿಗೆ ಪೆಡಲು ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ಥೆಲ್ಮಾ ಸೀಟನ್ನು ಮುಂದಕ್ಕೆಳೆದುಕೊಂಡು ಕಾರು ಹೊರಡಿಸಿದಳು. ಕ್ಲೆಮ್ ಎಡಗಡೆ ಕುಳಿತಿದ್ದ. ಊರು ದಾಟಿ ಒಂದು ಗಂಟೆಯಾಗಿತ್ತು. ಪೊದೆಗಳ ನಡುವಿನಿಂದ ಎರಡು ಎಮು ಹಕ್ಕಿ ರಸ್ತೆಗೆ ಓಡಿ ಬಂದವು. ಥೆಲ್ಮಾ ಬ್ರೇಕ್ ತುಳಿದಳು. ಕಾರು ಅತ್ತಿತ್ತ ವಾಲದೆ ನೆಟ್ಟಗೆ ನಿಂತಿತು.

ಹಕ್ಕಿಗಳು ದಾಟಿ ಬೇಲಿಯ ಕಡೆ ಹೋದವು. ಅವಳು ಗೇರ್ ಹಾಕುವಾಗ ಪಕ್ಕಕ್ಕೆ ನೋಡಿದಳು. ಕ್ಲೆಮ್‌ನ ಬಲಗಾಲು ನೆಲದ ಬರಿಯ ಚಾಪೆಯನ್ನು ಇನ್ನೂ ಒತ್ತಿ ಹಿಡಿದಿತ್ತು.