ಹ್ಯಾಂಡಲ್‌ಗೆ ನೇತುಹಾಕಿದ ಹೆಲ್ಮೆಟ್

"ಏನೋ ಲ್ವಾನ್, ಅಡುಗೆಮನೆ ಪಾತ್ರೆ ತಲೆಗೆ ಕವುಚ್ಕೊಂಡು ಬಂದಿದೀಯಲ್ಲ! ಹೆಂಡ್ತಿ ಹೊಡೀತಾಳಾ?"

ಗೆಂಗ್ ಬೇಕೆಂದೇ ದೊಡ್ಡ ದನಿಯಲ್ಲಿ ಕೂಗಿದ. ಮಾರುಕಟ್ಟೆ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಂತಿದ್ದ ಎಲೆಕ್ಟ್ರಿಕ್ ಬೈಕುಗಳ ದಂಡೆಲ್ಲ ತಿರುಗಿ ನೋಡಿ ನಕ್ಕಿತು. ನಗಲು ಎಲ್ಲರಿಗೂ ಬಾಯಿತ್ತು. ಆಮೇಲೆ ಆಸ್ಪತ್ರೆಗೆ ಬರಲು ಒಬ್ಬನಿಗೂ ಕಾಲಿರಲಿಲ್ಲ.

ಚೀನಾದ ಹೆನಾನ್ ಸೀಮೆಯ ಆ ಊರಿನಲ್ಲಿ ಗೆಂಗ್, ಲ್ವಾನ್ ಇಬ್ಬರೂ ನೂಡಲ್ಸ್ ಕಾರ್ಖಾನೆಯ ಕೆಲಸಗಾರರು. ಒಂದೇ ಓಣಿ, ಒಂದೇ ಪಾಳಿ. ಚಳಿಗಾಲದಲ್ಲಿ ಬೈಕಿನ ಮುಂದೆ ಗಾಳಿ ತಡೆಯುವ ರಜಾಯಿ ಕಟ್ಟಿ, ಅದರ ತೋಳಿನೊಳಗೆ ಕೈ ತೂರಿಸಿಕೊಂಡು ಒಟ್ಟಿಗೇ ಹೊರಡುವವರು. ಹೆಲ್ಮೆಟ್ ಇಬ್ಬರ ಬಳಿಯೂ ಇತ್ತು. ಆದರೆ ಆ ಊರಲ್ಲಿ ಹೆಲ್ಮೆಟ್ ಇರುವುದು ತಲೆಗಲ್ಲ, ಪೊಲೀಸರಿಗೆ. ದೂರದಲ್ಲಿ ಪೊಲೀಸ್ ಕಂಡರೆ ತಲೆಗೆ, ದಾಟಿದ ಮೇಲೆ ಹ್ಯಾಂಡಲ್‌ಗೆ. ಮಗಳು ಹುಟ್ಟಿದ ಮೇಲೆ ಲ್ವಾನ್‌ನ ಹೆಂಡತಿ ಸುಯೂನ್ ಹೆಲ್ಮೆಟ್ ಹಾಕಲೇಬೇಕೆಂದು ಹಟ ಹಿಡಿದಿದ್ದಳು. ಆವತ್ತು ಬಾಗಿಲಲ್ಲಿ ತಾನೇ ಅವನಿಗೆ ಪಟ್ಟಿ ಬಿಗಿದು ಕಳಿಸಿದ್ದಳು.

ಕೆಂಪು ಅಂಗಿ ತೊಟ್ಟು, ಬಾವುಟ ಹಿಡಿದು ಸಿಗ್ನಲ್ ಕಾಯುವ ಸ್ವಯಂಸೇವಕಿ ಕಾಂಗ್ ಅಕ್ಕ ಗೆಂಗ್‌ನ ಮಾತು ಕೇಳಿಸಿಕೊಂಡರು.

"ಅವನು ಮಾಡಿದ್ದು ಸರಿಯಾಗೇ ಇದೆ. ನಿಂದೆಲ್ಲಿ?"

"ಇಲ್ಲೇ ಇದೆಯಲ್ಲಕ್ಕ, ಹ್ಯಾಂಡಲ್ ಮೇಲೆ. ಪಾಪ, ಅದೂ ಗಾಳಿ ಕುಡೀಲಿ!"

"ಬಿದ್ದಾಗ ಒಡೆಯೋದು ಹ್ಯಾಂಡಲ್ ಅಲ್ಲಪ್ಪ."

"ಈ ಸಿಗ್ನಲ್ ಹುಟ್ಟೋಕೆ ಮುಂಚಿಂದ ಓಡಿಸ್ತಿದೀನಿ. ಮೈಮೇಲೆ ಒಂದು ಗೀರಿದ್ರೆ ತೋರಿಸಿ."

"ಅದೇ ಕಣೋ ನಿನ್ನ ಕಾಯಿಲೆ. ಇಷ್ಟು ದಿನ ಏನೂ ಆಗದೇ ಇದ್ದಿದ್ದು ಅದೃಷ್ಟ. ನೀನು ಅದನ್ನ ಜಾಣತನ ಅಂದ್ಕೊಂಡಿದೀಯ."

ಅಷ್ಟರಲ್ಲಿ ಮುಂದಿದ್ದವನೊಬ್ಬ ಕೆಂಪು ದೀಪದಲ್ಲೇ ನುಗ್ಗಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಡೀ ದಂಡು.

"ಏಯ್, ಹತ್ತು ಜನ ನುಗ್ಗಿದ್ರೆ ಕೆಂಪು ಹಸಿರಾಗುತ್ತೇನ್ರೋ?" ಕಾಂಗ್ ಅಕ್ಕ ಬಾವುಟ ಅಡ್ಡ ಹಿಡಿದರು. ಯಾರೂ ನಿಲ್ಲಲಿಲ್ಲ.

"ಎಲ್ರೂ ಹೋಗ್ತಿದಾರೆ, ಬಾರೋ! ಅಲ್ಲೇ ನಿಂತು ಪಾತ್ರೆ ಕಾಯ್ತೀಯಾ?" ಎನ್ನುತ್ತಾ ಗೆಂಗ್ ದಾಟಿದ.

ಲ್ವಾನ್‌ನ ಕಿವಿ ಕೆಂಪಾಗಿತ್ತು. ಚಳಿಗಲ್ಲ. ಪಟ್ಟಿ ಬಿಚ್ಚಿದ, ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ನೇತುಹಾಕಿದ, ಕೈಗಳನ್ನು ರಜಾಯಿಯೊಳಗೆ ತೂರಿಸಿ ನುಗ್ಗಿದ. ಎಲ್ಲರಿಗಿಂತ ಕೊನೆಗೆ ಹೊರಟವನು ಅವನೇ. ಅಡ್ಡರಸ್ತೆಯಿಂದ ಬಂದ ಮರಳಿನ ಲಾರಿಗೆ ಹಸಿರು ದೀಪವಿತ್ತು. ರಜಾಯಿಯ ದಪ್ಪದಲ್ಲಿ ಬ್ರೇಕು ಅವನ ಬೆರಳಿಗೆ ಸಿಗಲೇ ಇಲ್ಲ.

ಲ್ವಾನ್ ಬದುಕಿದ್ದಾನೆ. ಅನ್ನ ಕಲಸಿ ಬಾಯಿಗಿಟ್ಟರೆ ಉಣ್ಣುತ್ತಾನೆ. ಮಗಳು ತೊಡೆ ಹತ್ತಿದರೆ, "ಇದ್ಯಾರ ಮಗು?" ಎಂದು ಕೇಳುತ್ತಾನೆ.

ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೆಂಗ್ ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದು, ಬೈಕ್ ಹತ್ತಲು ಬಂದ. ಓಣಿಯ ನಲ್ಲಿಯ ಬಳಿ ನಾಲ್ಕಾರು ಹೆಂಗಸರಿದ್ದರು. ಸುಯೂನ್ ಗಂಡನ ಹೆಲ್ಮೆಟ್ ಹಿಡಿದು ಅವನ ಎದುರು ನಿಂತಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಗೆಂಗ್ ಅಣ್ಣ, ಪಟ್ಟಿ ಬಿಗಿದು ಕಳಿಸಿದ್ದು ನಾನೇ. ಇದು ತಲೆಯಿಂದ ಹ್ಯಾಂಡಲ್‌ಗೆ ಹೇಗೆ ಹೋಯ್ತು? ನೀವು ಜೊತೆಗಿದ್ರಲ್ಲ."

ಓದುತ್ತಿರುವವರೇ, ಕೇಳುತ್ತಿರುವವರೇ, ಲಾರಿಯನ್ನು ಬೈಯುವುದು ಸುಲಭ. ಆದರೆ ನಮ್ಮವರ ತಲೆಯಿಂದ ಹೆಲ್ಮೆಟ್ ತೆಗೆಸುವುದು ನಮ್ಮ ನಗು. 'ನನಗೇನೂ ಆಗಲ್ಲ' ಎಂಬ ಸೊಕ್ಕು, 'ಎಲ್ಲರೂ ಹೋಗ್ತಿದಾರಲ್ಲ' ಎಂಬ ಧೈರ್ಯ, 'ನಾಲ್ಕು ಜನ ಏನಂದಾರು' ಎಂಬ ನಾಚಿಕೆ, ಇವು ಯಾವ ಲಾರಿಗೂ ಕಮ್ಮಿಯಿಲ್ಲ. ಹೆಲ್ಮೆಟ್ ಪೊಲೀಸರಿಗಲ್ಲ, ತಲೆಗೆ ಹಾಕಿ. ಕೆಂಪಿಗೆ ಒಬ್ಬರೇ ಆದರೂ ನಿಲ್ಲಿ. ನಿಂತವನನ್ನು ಕಂಡು ನಗಬೇಡಿ. ನಕ್ಕದ್ದನ್ನು ಆಮೇಲೆ ವಾಪಸ್ ತಗೊಳ್ಳಲು ಆಗುವುದಿಲ್ಲ.

ಗೆಂಗ್ ಬೈಕನ್ನು ಅಲ್ಲೇ ಬಿಟ್ಟು, ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತು, ಓಣಿಯ ತುದಿಯತ್ತ ನಡೆದುಕೊಂಡು ಹೋದ.