ಚೀಟಿಯ ಮೂರನೇ ಗೆರೆ

ನನ್ನ ಮಗಳು ಶಂಕರಿಗೆ ಎಂಟು ತುಂಬಿದರೂ ಬಾಯಿಂದ ಕನ್ನಡದ ಒಂದು ಮಾತು ಹೊರಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರ ಕೊಡುವುದು. ಇವರಿಗೆ ಬಂದರಿನ ಕಸ್ಟಮ್ಸ್ ಆಫೀಸಿಗೆ ವರ್ಗವಾಗಿ ನಾವು ಕಾಸರಗೋಡಿನಿಂದ ಫೋರ್ಟ್ ಕೊಚ್ಚಿಗೆ ಬಂದಾಗ ಅವಳಿಗೆ ಮೂರು ವರ್ಷ. ತಪ್ಪು ಅವಳದಲ್ಲ, ಗೊತ್ತು. ಆದರೂ ನನಗೆ ಸಿಟ್ಟು ಬರುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸು ನನ್ನ ಮಾತು ಆಡಬಾರದೇ?

ಅವಳ ಶಾಲೆ ಸಿಸ್ಟರುಗಳದು, ಇಗರ್ಜಿಯ ಗೋಡೆಗೆ ಅಂಟಿಕೊಂಡೇ ಇತ್ತು. ಅಲ್ಲಿಯ ವಾರ ನನಗೆ ಬಾಯಿಪಾಠವಾಗಿತ್ತು. ಸೋಮವಾರ ಉಗುರು ನೋಡುತ್ತಾರೆ. ಬುಧವಾರ ಹೊಲಿಗೆ. ಗುರುವಾರ ಪಿಡಿಯರಿ, ಅಂದರೆ ಬಡವರಿಗೆಂದು ಒಂದೊಂದು ಮಗುವೂ ಮನೆಯಿಂದ ಹಿಡಿ ಅಕ್ಕಿ ಒಯ್ಯಬೇಕು. ಶುಕ್ರವಾರ ಮಧ್ಯಾಹ್ನ ಮೂರರ ಗಂಟೆಗೆ ಎಲ್ಲರೂ ಪ್ರಾರ್ಥನೆಯ ಕೋಣೆಯಲ್ಲಿ ಸಾಲಾಗಿ ಕೂರಬೇಕು. ಹಿಂದೂ ಮಕ್ಕಳು ಸುಮ್ಮನೆ ಕೂತರೆ ಸಾಕು.

ಐವತ್ತೆಂಟರ ನವೆಂಬರಿನಲ್ಲಿ ಶಂಕರಿ ಮೂರು ಗೆರೆ ಎಳೆದ ಒಂದು ಚೀಟಿ ತಂದಳು. ಆತ್ಮಾಕ್ಕಳ ಹೆಸರು ಬರೆಯಬೇಕಂತೆ, ಸಿಸ್ಟರ್ ಬ್ರಿಜಿತ್ತ ವಾರಕ್ಕೊಂದು ಓದಿ ಪ್ರಾರ್ಥನೆ ಮಾಡಿಸುತ್ತಾರಂತೆ. ಆತ್ಮಾಕ್ಕಳ್ ಎಂದರೆ ಆತ್ಮೀಯರು ಎಂದುಕೊಂಡೆ. ಐದು ವರ್ಷ ಮೀನಿನವಳೊಡನೆಯೂ ಹಾಲಿನವಳೊಡನೆಯೂ ಮಲಯಾಳದಲ್ಲಿ ಚೌಕಾಸಿ ಮಾಡಿದವಳು ನಾನು, ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಮೊದಲು ಊರಿನಲ್ಲಿದ್ದ ಅತ್ತೆ ದಾಕ್ಷಾಯಣಿಯ ಹೆಸರು ಬರೆದೆ, ಇಲ್ಲದಿದ್ದರೆ ಅವರ ಮಗನ ಮುಖ ಊದಿಕೊಳ್ಳುತ್ತದೆ. ಎರಡನೆಯದು ನನ್ನ ಸೋದರಮಾವ ಜನಾರ್ದನ. ಗಂಡನ ಹೆಸರನ್ನು ಹೆಂಡತಿ ಹೇಳುವುದೂ ಇಲ್ಲ, ಬರೆಯುವುದೂ ಇಲ್ಲ. ಹಾಗಾಗಿ ಮೂರನೇ ಗೆರೆಯಲ್ಲಿ ಶಂಕರಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಚೆಂದ ಮಾಡಿ ಬರೆದೆ.

ಮೊದಲ ಶುಕ್ರವಾರ ಕಳೆದು ಮರುದಿನವೇ ತಂತಿ ಬಂತು, ಅತ್ತೆ ಹೋದರು. ಎಂಬತ್ತರ ಮುದುಕಿ, ಅದರಲ್ಲಿ ಆಶ್ಚರ್ಯವೇನಿಲ್ಲ. ಇವರು ಒಬ್ಬರೇ ಊರಿಗೆ ಹೊರಟರು. ಅತ್ತೆಗೂ ನನಗೂ ಅಷ್ಟಕ್ಕಷ್ಟೇ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಶಂಕರಿಯ ಪರೀಕ್ಷೆಯ ನೆಪ ಸಾಕಾಯಿತು. ಎರಡನೇ ಶುಕ್ರವಾರ ಕಳೆದ ಮೇಲೆ ಇನ್ನೊಂದು ತಂತಿ. ಗಟ್ಟಿಮುಟ್ಟಾಗಿದ್ದ ಜನಾರ್ದನ ಮಾವ ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಬಿದ್ದರಂತೆ.

ಆ ದಿನಗಳಲ್ಲಿ ಶಂಕರಿಯೂ ಏನೋ ಬೇರೆ ಥರ ಇದ್ದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತನ್ನಷ್ಟಕ್ಕೆ ಪಿಸುಗುಟ್ಟುತ್ತಿದ್ದಳು. ಒಮ್ಮೆ ಅದರಲ್ಲಿ "ಬಾ, ಕೂತ್ಕೋ" ಎಂಬ ಕನ್ನಡ ಕಿವಿಗೆ ಬಿದ್ದು, ಅಂತೂ ಮಗಳಿಗೆ ಬುದ್ಧಿ ಬಂತು ಎಂದು ಹಿಗ್ಗಿದೆ. ಎಂಥ ಪೆದ್ದಿ ನಾನು.

ಮೂರನೇ ಗುರುವಾರ ಬೆಳಿಗ್ಗೆ ಪಿಡಿಯರಿಗೆಂದು ಡಬ್ಬಿ ತೆರೆದರೆ ಅವಳು ಒಂದರ ಬದಲು ಎರಡು ಹಿಡಿ ತುಂಬಿಕೊಂಡಳು. ಎರಡೇಕೆ ಎಂದು ಗದರಿದೆ. ಒಂದು ಇನ್ನೊಬ್ಬಳದು ಎಂದು ಮಲಯಾಳದಲ್ಲಿ ಹೇಳಿ, ಚೀಲದ ಬಾಯಿ ಕಟ್ಟುತ್ತಾ, ಅಜ್ಜಿಯ ಹೆಸರು ಓದಿ ಆಯಿತು, ಮಾವನದೂ ಆಯಿತು ಎಂದಳು.

"ನಾಳೆ ಎಂಡೆ ವರಿಯಾ," ಎಂದಳು. ನಾಳೆ ನನ್ನ ಗೆರೆ.

ಹೆಸರು ಓದಿದ ಮೇಲೆ ನೀವೆಲ್ಲ ಏನು ಹೇಳುತ್ತೀರಿ ಎಂದು ಕೇಳಿದೆ. ನಿತ್ಯಶಾಂತಿ ಸಿಗಲಿ ಎನ್ನುತ್ತೇವೆ, ಸತ್ತವರಿಗೆ ಹಾಗೆಯೇ ಅಲ್ಲವೇ ಹೇಳುವುದು ಎಂದಳು. ನನ್ನ ಕೈಯಿಂದ ಡಬ್ಬಿ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಆತ್ಮಾಕ್ಕಳ್! ನಮಗೆ ಬದುಕಿದ್ದವರಿಗೂ ಆತ್ಮ ಉಂಟು. ಇಗರ್ಜಿಯವರಿಗೆ ನವೆಂಬರ್ ಸತ್ತವರ ತಿಂಗಳು, ಆಗ ಅದು ಸತ್ತವರಿಗೆ ಮಾತ್ರ. ನನ್ನ ಕೈಯಾರೆ ನನ್ನ ಮಗಳನ್ನು ಸತ್ತವರ ಸಾಲಿಗೆ ಸೇರಿಸಿದ್ದೆ.

ಅವಳನ್ನು ಶಾಲೆಗೆ ಕಳಿಸಲಿಲ್ಲ, ಕೈ ಬಿಡಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ಎಳೆದುಕೊಂಡೇ ಹೋಗಿ ಸಿಸ್ಟರ್ ಬ್ರಿಜಿತ್ತರ ಮುಂದೆ ನಿಂತೆ. ಅವರು ಮೊದಲು ನಕ್ಕರು. ಇನ್ನೂರು ಚೀಟಿಗಳಿವೆ, ಒಂದೊಂದರಿಂದ ವಾರಕ್ಕೊಂದು ಗೆರೆ ಮಾತ್ರ ಓದುವುದು, ಮುಂದಿನ ಹೆಸರು ಯಾರದೆಂದು ಯಾರು ನೋಡುತ್ತಾರೆ ಎಂದರು. ಎರಡು ತಂತಿಗಳನ್ನೂ ಮುಂದಿಟ್ಟೆ. ತಾರೀಖು ನೋಡಿ ಅವರ ನಗು ಹೋಯಿತು. ಎದ್ದು ಪ್ರಾರ್ಥನೆಯ ಕೋಣೆಗೆ ಕರೆದೊಯ್ದು, ಮರದ ಪೆಟ್ಟಿಗೆಯ ಬೀಗ ತೆಗೆದು ಹುಡುಕಿದರು. ಕೊನೆಗೆ ನಮ್ಮ ಚೀಟಿ ಕೈಗೆ ಬಂತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದರಲ್ಲಿ ಶಂಕರಿಯ ಹೆಸರಿಲ್ಲವಲ್ಲ," ಎಂದರು ಮಲಯಾಳದಲ್ಲಿ. "ರತ್ನ ಯಾರು?"

ನಾನು ಬರೆದ ಶಂಕರಿಯ ಮೇಲೆ ಪೆನ್ಸಿಲಿನಿಂದ ಅಡ್ಡಗೀಟು ಎಳೆದಿತ್ತು. ಕೆಳಗೆ ನನ್ನ ಮಗಳ ದುಂಡು ಮಲಯಾಳ ಅಕ್ಷರದಲ್ಲಿ ರತ್ನ ಎಂದಿತ್ತು.

ರತ್ನ ನನ್ನ ಚೊಚ್ಚಲ ಮಗು. ನಾಲ್ಕು ವರ್ಷ ಬದುಕಿ, ಶಂಕರಿ ಹುಟ್ಟುವ ಮುಂಚೆ ಊರಿನಲ್ಲಿ ಜ್ವರದಿಂದ ಹೋದಳು. ಹೊಟ್ಟೆಯಲ್ಲಿರುವ ಮಗುವಿಗೆ ಕೇಡು, ಸತ್ತದ್ದರ ಹೆಸರು ಎತ್ತಬಾರದು ಎಂದು ಅತ್ತೆ ಬಾಯಿ ಕಟ್ಟಿದರು. ಫೋಟೋ, ಲಂಗ, ಮರದ ಗೊಂಬೆ ಎಲ್ಲವೂ ಬೆಂಕಿಗೆ ಹೋದವು. ನಾನೂ ಸುಮ್ಮನಾದೆ, ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒಂಬತ್ತು ವರ್ಷ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅಂಥ ಅಕ್ಕ ಒಬ್ಬಳಿದ್ದಳೆಂದು ಶಂಕರಿಗೆ ಯಾರೂ ಹೇಳಿರಲಿಲ್ಲ.

ಚೀಟಿಯನ್ನು ಪೆಟ್ಟಿಗೆಗೇ ಹಾಕಿ ಎಂದು ಸಿಸ್ಟರಿಗೆ ಹೇಳಿದೆ. ಮೂರು ಗಂಟೆಗೆ ಶಂಕರಿಯನ್ನು ತೊಡೆಗೆ ಒತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮ ಚೀಟಿಯ ಸರದಿ ಬಂದಾಗ ಸಿಸ್ಟರ್, ರತ್ನ ಎಂದು ಓದಿದರು. ಇನ್ನೂರು ಮಕ್ಕಳು ನಿತ್ಯಶಾಂತಿ ಎಂದರು. ನಾನು ನಾಚಿಕೆ ಬಿಟ್ಟು ಗಟ್ಟಿಯಾಗಿ ಅತ್ತೆ. ಶಂಕರಿ ಅಳಲಿಲ್ಲ, ಬೆಂಚಿನ ತುದಿಗೆ ಸರಿದು ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಹೊರಗೆ ಬಂದ ಮೇಲೆ ಆ ಹೆಸರು ಯಾರು ಹೇಳಿದ್ದು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, ಅಪ್ಪಟ ಕಾಸರಗೋಡಿನ ಕನ್ನಡದಲ್ಲಿ ಉತ್ತರ ಕೊಟ್ಟಳು.

"ಅಕ್ಕನೇ ಹೇಳಿದ್ದು. ಅಮ್ಮ ನನ್ನ ಹೆಸರು ಬರೀಲೇ ಇಲ್ಲ ಅಂತ ಅಳ್ತಾ ಇದ್ದಳು. ಅದಕ್ಕೆ ನನ್ನ ಗೆರೆ ಅವಳಿಗೆ ಕೊಟ್ಟೆ."

ಅಷ್ಟು ಒಳ್ಳೆಯ ಕನ್ನಡ ಯಾವಾಗ ಕಲಿತೆ ಎಂದು ಕೇಳಿದೆ.

"ಎಂತ ಮಾಡುದು ಅಮ್ಮ," ಎಂದಳು. "ಅಕ್ಕನಿಗೆ ಮಲಯಾಳ ಬರುದಿಲ್ಲ."