ಮೂವತ್ತನಾಲ್ಕು ಪೀಚ್ ಮರ

ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಭೂಗೋಳ ಪಾಠ ಹೇಳಿದ್ದ ಕಾತ್ಯಾಯಿನಿಗೆ ಅಮೆರಿಕದ ಜಾರ್ಜಿಯಾದ ಕಮ್ಮಿಂಗ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಸಿಕ್ಕಿದ್ದು ಕಂದು ಕಾಗದದ ಚೀಲಗಳನ್ನು ಹಕ್ಕಿಗರಿಯ ಆಕಾರಕ್ಕೆ ಕತ್ತರಿಸುವ ಕೆಲಸ. ಗಂಡ ಯೋಗೇಶನ ವೀಸಾದ ಬಾಲ ಹಿಡಿದು ಬಂದವಳು. ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಮಕ್ಕಳಿಲ್ಲದ ಹೊಸ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ ಎಂದು, ಎದೆಗೆ ವಾಲಂಟಿಯರ್ ಬಿಲ್ಲೆ ತಗುಲಿಸಿಕೊಂಡು ವಾರಕ್ಕೆ ಮೂರು ದಿನ ಮೂರನೇ ತರಗತಿಗೆ ಹೋಗುತ್ತಿದ್ದಳು. ಪಕ್ಕದ ಬೀದಿಯ ಶ್ರೀಲತಾಳ ಮಗಳು ಹರಿಣಿ ಅದೇ ತರಗತಿಯಲ್ಲಿದ್ದಳು.

೧೯೯೭ರ ನವೆಂಬರ್. ತರಗತಿಯ ಟೀಚರ್ ಮಿಸೆಸ್ ಹಾಲ್ಕಂಬ್ ‘ಈ ನೆಲದ ಮೊದಲ ಮಕ್ಕಳು’ ಎಂಬ ವಾರ ಶುರುಮಾಡಿದ್ದಳು. ಗೋಡೆಯ ತುಂಬ ತೊಗಲಿನ ಗುಡಾರ, ಕಾಡೆಮ್ಮೆ, ಗರಿಯ ಕಿರೀಟ.

“ಇಲ್ಲಿದ್ದದ್ದು ಚೆರೋಕಿ ಜನ ಅಲ್ಲವೇ? ಅವರು ಗುಡಾರದಲ್ಲಿ ಇರುತ್ತಿರಲಿಲ್ಲ. ಮರದ ಮನೆ ಕಟ್ಟಿಕೊಂಡು ಮುಸುಕಿನ ಜೋಳ ಬೆಳೆಯುತ್ತಿದ್ದರು,” ಎಂದಳು ಕಾತ್ಯಾಯಿನಿ.

“ಮಕ್ಕಳಿಗೆ ಗುಡಾರವೇ ಇಷ್ಟ, ಹನಿ,” ಎಂದು ನಕ್ಕಳು ಮಿಸೆಸ್ ಹಾಲ್ಕಂಬ್. “ಅಂದ ಹಾಗೆ, ಶುಕ್ರವಾರ ನಿನ್ನ ಸೀರೆ ಉಟ್ಟು ಬಾ. ನೀನೂ ಇಂಡಿಯನ್ನೇ ತಾನೆ!”

ಐನೂರು ವರ್ಷದ ಹಿಂದೆ ಯಾವನೋ ನಾವಿಕ ದಾರಿ ತಪ್ಪಿ ಬಂದು ಇಲ್ಲಿಯವರಿಗೆ ಇಟ್ಟ ಹೆಸರು. ಟೀಚರ್ ಅನ್ನಿಸಿಕೊಂಡವಳು ಇನ್ನೂ ತಿದ್ದಿಕೊಂಡಿಲ್ಲ. ಮೈಸೂರಿನಲ್ಲಿ ನಾಲ್ಕನೇ ತರಗತಿ ಹುಡುಗಿ ಹೀಗಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ ಎಂದುಕೊಂಡು ಕಾತ್ಯಾಯಿನಿ ಕತ್ತರಿ ಆಡಿಸಿದಳು.

ಬುಧವಾರ ಇನ್ನೊಂದು ಪ್ರಹಸನ. ‘ನೆಲದೊಂದಿಗೆ ನಂಟು’ ಎಂಬ ಪಾಠ. ಮಕ್ಕಳೆಲ್ಲ ಅಂಗಾತ ಮಲಗಿದವು. ಟೇಪ್ ರೆಕಾರ್ಡರಿನಲ್ಲಿ ಕೊಳಲು. “ಕಣ್ಣು ಮುಚ್ಚಿ, ಭೂಮಿತಾಯಿಯ ಎದೆಬಡಿತ ಕೇಳಿಸಿಕೊಳ್ಳಿ,” ಎಂದು ಮಿಸೆಸ್ ಹಾಲ್ಕಂಬ್ ರಾಗವಾಗಿ ಹೇಳಿದಳು. ಬೆನ್ನ ಕೆಳಗೆ ಕಾರ್ಪೆಟ್ಟು, ಅದರ ಕೆಳಗೆ ಕಾಂಕ್ರೀಟು; ಕಿವಿಗೊಟ್ಟರೆ ಕೇಳುತ್ತಿದ್ದದ್ದು ಹೀಟರಿನ ಗೊರಗೊರ. ಬಾಗಿಲು ತೆಗೆದು ಐವತ್ತು ಹೆಜ್ಜೆ ಹಾಕಿದ್ದರೆ ಕೆಂಪು ಮಣ್ಣಿನ ದಿಬ್ಬ, ಅದರ ಬುಡದಲ್ಲಿ ಒಂದು ತೊರೆ. ಅತ್ತ ಒಬ್ಬರೂ ತಲೆಹಾಕಲಿಲ್ಲ, ಶೂ ಕೊಳೆಯಾಗುತ್ತದಲ್ಲ!

ಪಾಠ ಮುಗಿದ ಮೇಲೆ ಮಿಸೆಸ್ ಹಾಲ್ಕಂಬ್ ಗುಟ್ಟು ಹೇಳುವವಳಂತೆ ಹತ್ತಿರ ಬಂದಳು. “ಶುಕ್ರವಾರ ನಮ್ಮ ಮನೆಯ ಒಂದು ವಸ್ತು ತರುತ್ತೇನೆ. ೧೮೩೨ರಲ್ಲಿ ಜಾರ್ಜಿಯಾ ಸರ್ಕಾರ ಜಮೀನಿನ ಲಾಟರಿ ನಡೆಸಿತ್ತಲ್ಲ, ನನ್ನ ಮುತ್ತಜ್ಜನ ತಂದೆ ಅದರಲ್ಲಿ ನಲವತ್ತು ಎಕರೆ ಗೆದ್ದ ಪತ್ರ. ನೆಲದ ನಂಟು ಅಂದರೆ ಅದು!” ಆ ಜಮೀನು ಯಾವ ಹೊಳೆಯ ದಂಡೆಯಲ್ಲಿದೆ ಎಂದೂ ಹೆಮ್ಮೆಯಿಂದ ಹೇಳಿದಳು.

ಮಾರನೆಯ ದಿನ ಕಾತ್ಯಾಯಿನಿ ಶಾಲೆಗೆ ಹೋಗದೆ ಕೌಂಟಿಯ ಲೈಬ್ರರಿಗೆ ಡ್ರೈವ್ ಮಾಡಿದಳು. ಲೈಬ್ರರಿಯವಳು ಹಳೆಯ ದಾಖಲೆಗಳ ಮೈಕ್ರೋಫಿಲ್ಮಿನ ಸುರುಳಿಯೊಂದನ್ನು ಹುಡುಕಿಕೊಟ್ಟಳು. ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟುವ ಮೊದಲು ಸರ್ಕಾರದ ಗುಮಾಸ್ತರು ಹೊಳೆಹೊಳೆಯ ದಂಡೆ ಸುತ್ತಿ ಅವರ ಮನೆ, ಮರ, ಬೇಲಿ ಎಲ್ಲವನ್ನೂ ಪಟ್ಟಿ ಮಾಡಿದ್ದರು. ಮೂರು ಗಂಟೆ ಕಣ್ಣು ಉರಿಸಿಕೊಂಡ ಮೇಲೆ ಆ ಹೊಳೆಯ ಹೆಸರು ಸಿಕ್ಕಿತು.

ಊಟದ ಹೊತ್ತಿಗೆ ಅದನ್ನೆಲ್ಲ ಹೇಳಿದಾಗ ಯೋಗೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿಂಗ್ಯಾಕೆ ಈ ಉಸಾಬರಿ? ಗ್ರೀನ್ ಕಾರ್ಡ್ ಪ್ರೋಸೆಸ್ ಆಗ್ತಿದೆ. ಸುಮ್ನೆ ಗರಿ ಕಟ್ ಮಾಡ್ಕೊಂಡು ಇರ್ಬಾರ್ದಾ?”

“ರೀ, ಮಕ್ಕಳಿಗೆ ಸುಳ್ಳು ಹೇಳಿಕೊಡ್ತಿದಾರೆ.”

“ಅವ್ರ ಮಕ್ಳು, ಅವ್ರ ಸುಳ್ಳು. ಸಾರು ಹಾಕು.”

ಕಾತ್ಯಾಯಿನಿ ಸಾರಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಎದ್ದುಹೋದಳು. ಬೆನ್ನುಮೂಳೆ ಇಲ್ಲದ ಗಂಡಸಿಗೆ ಬಡಿಸುವಷ್ಟು ತಾಳ್ಮೆ ಅವಳಿಗೆ ಆ ದಿನ ಉಳಿದಿರಲಿಲ್ಲ.

ಶುಕ್ರವಾರ ಅವಳು ಸೀರೆ ಉಡಲಿಲ್ಲ. ಗರಿ ಸಿಕ್ಕಿಸಿಕೊಂಡ ಇಪ್ಪತ್ತೆರಡು ಮಕ್ಕಳ ಮುಂದೆ ಮಿಸೆಸ್ ಹಾಲ್ಕಂಬ್ ಗಾಜಿನ ಚೌಕಟ್ಟಿನ ಪತ್ರವನ್ನು ಎತ್ತಿ ಹಿಡಿದಳು. ದೇವರ ಪಟ ಹಿಡಿದವರಿಗೂ ಅಷ್ಟು ಭಕ್ತಿ ಇರುವುದಿಲ್ಲ.

“ಅದಕ್ಕೂ ಮುಂಚೆ ಅಲ್ಲಿ ಯಾರಿದ್ದರು?” ಎಂದು ಕಾತ್ಯಾಯಿನಿ ಹಿಂದಿನಿಂದ ಕೇಳಿದಳು.

“ಯಾರೂ ಇಲ್ಲ, ಹನಿ. ಬರೀ ಕಾಡು.”

ಕಾತ್ಯಾಯಿನಿ ಮುಂದೆ ಬಂದು ಲೈಬ್ರರಿಯಲ್ಲಿ ಬರೆದುಕೊಂಡಿದ್ದ ಚೀಟಿ ಬಿಚ್ಚಿದಳು. ಹನ್ನೊಂದು ವರ್ಷ ಪಾಠ ಹೇಳಿದ ಗಂಟಲು ತಾನಾಗಿಯೇ ತೆರೆದುಕೊಂಡಿತು. “ಮಕ್ಕಳೇ, ಅದೇ ಹೊಳೆಯ ದಂಡೆ. ಒಬ್ಬ ವಿಧವೆ, ಐದು ಮಕ್ಕಳು. ಎರಡು ಮರದ ಮನೆ. ಜೋಳದ ಕಣಜ ಒಂದು. ಹನ್ನೊಂದು ಸೇಬಿನ ಮರ. ಮೂವತ್ತನಾಲ್ಕು ಪೀಚ್ ಮರ. ಕೊನೆಯಲ್ಲಿ ಗುಮಾಸ್ತ ಬರೆದಿದ್ದಾನೆ: ಲಾಟರಿ ಗೆದ್ದವನು ಬಂದು ಇವರನ್ನು ಒಕ್ಕಲೆಬ್ಬಿಸಿದ್ದಾನೆ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಪೀಚ್ ಹಣ್ಣಾಗಿದ್ದವಾ? ಅವರು ತಿಂದುಕೊಂಡು ಹೋದರಾ?” ಇನ್ನೊಬ್ಬಳು ಅಳುವುದಕ್ಕೆ ಶುರುಮಾಡಿದಳು. ಯಾವ ಕೊಳಲೂ ಇಲ್ಲದೆ ಆ ಕೋಣೆಯಲ್ಲಿ ನೆಲದ ಮಾತು ನಡೆದದ್ದು ಆಗ ಮಾತ್ರ. ಮಿಸೆಸ್ ಹಾಲ್ಕಂಬ್‌ಳ ಕತ್ತು ಕೆಂಪಗಾಯಿತು. “ಈಗ ಪಾಪ್‌ಕಾರ್ನ್!” ಎಂದು ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನವೇ ಪ್ರಿನ್ಸಿಪಾಲರ ಕರೆ ಬಂತು. ಆತ ಮುಖದ ತುಂಬ ನಗು ಹಚ್ಚಿಕೊಂಡು ಕೂತಿದ್ದ. “ಮಕ್ಕಳಿಗೆ ಸಂಸ್ಕೃತಿ ಕಲಿಸಬೇಕು, ಬೇಸರ ಅಲ್ಲ. ನಿಮ್ಮ ಸಮಯಕ್ಕೆ ತುಂಬಾ ಧನ್ಯವಾದ. ಇನ್ನು ಮುಂದೆ ನಮಗೆ ಸಹಾಯ ಬೇಕಾಗಿಲ್ಲ.”

“ನಿಮಗೆ ಸಹಾಯ ಬೇಕು,” ಎಂದಳು ಕಾತ್ಯಾಯಿನಿ ಬಿಲ್ಲೆ ಕಳಚಿ ಮೇಜಿನ ಮೇಲಿಡುತ್ತ. “ಆದರೆ ಅದು ನನ್ನ ಕೈಲಾಗುವಂಥದ್ದಲ್ಲ.”

ತರಗತಿಯ ಗೋಡೆಯ ಮೇಲಿದ್ದ ಗುಡಾರಗಳ ಆ ಪ್ರದರ್ಶನಕ್ಕೆ ಮುಂದಿನ ವಾರ ಕೌಂಟಿಯ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಫೋಟೋ ನೋಡಿ ಕಾತ್ಯಾಯಿನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೊಟ್ಟವರೂ ತೆಗೆದುಕೊಂಡವರೂ ಒಂದೇ ಬಾವಿಯ ಕಪ್ಪೆಗಳು.

ಆ ಭಾನುವಾರ ಶ್ರೀಲತಾ ಮಗಳನ್ನು ಕರೆದುಕೊಂಡು ಬಂದಳು. ದೊಡ್ಡವರು ಕಾಫಿ ಕುಡಿಯುವಾಗ ಹರಿಣಿ ಕಿಟಕಿಯ ಹತ್ತಿರ ನಿಂತು ಹಿತ್ತಲನ್ನು ನೋಡಿ ಕೇಳಿದಳು: “ಆಂಟಿ, ಈ ಮನೆ ಜಾಗ ಯಾರ್ದು ಇತ್ತು? ಬಿಫೋರ್ ಲಾಟರಿ?”

ಯೋಗೇಶ ಜೋರಾಗಿ ನಕ್ಕ. “ಹೇಳು ಮತ್ತೆ! ನಾವೇನು ಗಂಟುಮೂಟೆ ಕಟ್ಕೊಂಡು ಮೈಸೂರಿಗೆ ವಾಪಸ್ ಹೋಗ್ಬೇಕಾ?”

ಮಿಸೆಸ್ ಹಾಲ್ಕಂಬ್‌ಳ ಹೊಳೆಯನ್ನು ಮೂರು ಗಂಟೆ ಹುಡುಕಿದ್ದ ಕಾತ್ಯಾಯಿನಿ ತನ್ನ ಮನೆಯ ಹಿಂದಿನ ತೊರೆಯ ಹೆಸರನ್ನು ಒಮ್ಮೆಯೂ ಹುಡುಕಿರಲಿಲ್ಲ. ಬೇರೆಯವರ ತಟ್ಟೆಯ ನೊಣ ಕಂಡವಳಿಗೆ ತನ್ನ ತಟ್ಟೆ ಕಂಡಿರಲಿಲ್ಲ. ಶಾಲೆಯವರ ಮೇಲಿದ್ದ ತಿರಸ್ಕಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ; ಅದರ ಪಾಲು ತನಗೂ ಬಂತು, ಅಷ್ಟೆ.

“ಗೊತ್ತಿಲ್ಲ ಪುಟ್ಟಿ, ನಾನು ನೋಡೇ ಇಲ್ಲ,” ಎಂದಳು. ಆಮೇಲೆ ಶ್ರೀಲತಾಳ ಕಡೆ ತಿರುಗಿ, “ನಾಳೆ ಸ್ಕೂಲ್ ಬಿಟ್ಮೇಲೆ ಇವಳನ್ನ ಲೈಬ್ರರಿಗೆ ಕರ್ಕೊಂಡ್ ಹೋಗ್ಲಾ?” ಎಂದು ಕೇಳಿದಳು.

ಶ್ರೀಲತಾ ಕಾಫಿ ಲೋಟ ಕೆಳಗಿಟ್ಟು, “ಪಿಯಾನೋ ಕ್ಲಾಸ್ ಇದೆಯಲ್ಲಾ...” ಎಂದು ರಾಗ ಎಳೆದಳು. ಹರಿಣಿ ಆಗಲೇ ಬಾಗಿಲು ತೆರೆದು, ಬರಿಗಾಲಿನಲ್ಲಿ, ಒದ್ದೆ ಕೆಂಪು ಮಣ್ಣಿನಲ್ಲಿ ಕಾಲೂರುತ್ತ ತೊರೆಯ ಕಡೆ ಇಳಿಯುತ್ತಿದ್ದಳು.